ಆರೋಪಪಟ್ಟಿಯಲ್ಲಿ ಇಲ್ಲದ ರಸ್ತೆ

1990ರ ಸೆಪ್ಟೆಂಬರ್ 30, ಭಾನುವಾರ. ‘ಜೋಕುಮಾರಸ್ವಾಮಿ’ ಚಿತ್ರೀಕರಣಕ್ಕೆಂದು ಲೋಕಾಪುರಕ್ಕೆ ಹೊರಟಿದ್ದ ಶಂಕರ್‌ನಾಗ್ ಅವರ ಕಾರು, ದಾವಣಗೆರೆ ಇನ್ನೇನು ಬಂತು ಅನ್ನುವಾಗ ಆನಗೋಡಿನ ಬಳಿ ಲಾರಿಗೆ ಡಿಕ್ಕಿಯಾಯಿತು. ಜೊತೆಯಲ್ಲಿದ್ದ ಪತ್ನಿ ಅರುಂಧತಿ ನಾಗ್ ಮತ್ತು ಪುಟ್ಟ ಮಗಳು ಬದುಕಿದರು. ಶಂಕರ್‌ನಾಗ್ ಉಳಿಯಲಿಲ್ಲ. ಅವರಿಗಿನ್ನೂ 36 ತುಂಬಿರಲಿಲ್ಲ. ಆನಗೋಡು ಇವತ್ತು ದಾವಣಗೆರೆ ಜಿಲ್ಲೆಯ ಊರು. ಆದರೆ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು. ಆ ಭಾನುವಾರ ಅದು ಚಿತ್ರದುರ್ಗ ಜಿಲ್ಲೆಯ ನೆಲ, ರಸ್ತೆ ರಾಷ್ಟ್ರೀಯ ಹೆದ್ದಾರಿ 4.

ಅದಕ್ಕೂ ಐದು ವರ್ಷ ಮೊದಲು, 1985ರಲ್ಲಿ, ಶಂಕರ್‌ನಾಗ್ ‘ಆಕ್ಸಿಡೆಂಟ್’ ಎಂಬ ಚಿತ್ರ ಮಾಡಿದ್ದರು. ಉಳ್ಳವರ ಮಗನೊಬ್ಬ ಓಡಿಸುತ್ತಿದ್ದ ಕಾರು ಫುಟ್‌ಪಾತಿನ ಮೇಲೆ ಮಲಗಿದ್ದವರ ಮೇಲೆ ಹರಿಯುತ್ತದೆ. ಸತ್ತವರಿಗೆ ನ್ಯಾಯ ಸಿಗದಂತೆ ಅಧಿಕಾರ ಹೇಗೆ ಕೆಲಸ ಮಾಡುತ್ತದೆ ಎಂಬುದೇ ಕಥೆ. ನಮ್ಮಲ್ಲಿ ರಸ್ತೆಯ ಸಾವನ್ನು ಹಣೆಬರಹಕ್ಕೆ ಬಿಟ್ಟುಬಿಡದೆ ಪ್ರಶ್ನೆಯಾಗಿ ಎತ್ತಿದ ಸಿನಿಮಾಗಳು ಬಹಳಿಲ್ಲ, ಇದು ಅವುಗಳಲ್ಲಿ ಮೊದಲ ಸಾಲಿನದು. ಅಂಥ ಚಿತ್ರ ಮಾಡಿದವರೇ ರಸ್ತೆಯಲ್ಲಿ ಹೋದಾಗ ನಾಡು ಅತ್ತಿತು, ವಿಧಿಯನ್ನು ಬೈದಿತು. ಆಟೋ ನಿಲ್ದಾಣಗಳಿಗೆ ಅವರ ಹೆಸರಿಟ್ಟಿತು. ಇಂದಿಗೂ ರಾಜ್ಯದ ಯಾವ ಊರಿಗೆ ಹೋದರೂ ಆ ಹೆಸರು, ಆ ಮುಖ ಕಾಣುತ್ತದೆ. ಪ್ರೀತಿ ಅಷ್ಟು ದೊಡ್ಡದು. ಆದರೆ ಆ ಸಾವಿನಿಂದ ರಸ್ತೆಯ ಬಗ್ಗೆ, ಕಾರಿನ ಬಗ್ಗೆ, ಲಾರಿಯ ಬಗ್ಗೆ ಒಂದು ನಿಯಮವೂ ಹುಟ್ಟಲಿಲ್ಲ.

ಹೀಗೇ ಆಗಬೇಕೆಂದೇನಿರಲಿಲ್ಲ. 1967ರ ಜೂನ್‌ನಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ಜೇನ್ ಮ್ಯಾನ್ಸ್‌ಫೀಲ್ಡ್ ಎಂಬ ಹಾಲಿವುಡ್ ನಟಿಯ ಕಾರು ಮುಂದಿದ್ದ ಟ್ರೇಲರ್ ಲಾರಿಯ ಅಡಿಗೆ ನುಗ್ಗಿತು, ಅವರು ತೀರಿಕೊಂಡರು. ಲಾರಿಯ ಹಿಂಭಾಗದಲ್ಲಿ, ಕಾರಿನ ಬಾನೆಟ್ಟಿನ ಎತ್ತರಕ್ಕೆ ಇಳಿಬಿಟ್ಟಿರುವ ಅಡ್ಡ ಕಬ್ಬಿಣದ ಪಟ್ಟಿಯನ್ನು ಅಲ್ಲಿಯ ಜನ ಇವತ್ತಿಗೂ ಆಕೆಯ ಹೆಸರಿನಿಂದ ಕರೆಯುತ್ತಾರೆ. ಆ ಪಟ್ಟಿ ಇದ್ದರೆ ಕಾರಿನ ಮೂತಿ ಮೊದಲು ತಾಗುತ್ತದೆ, ಏಟಿನ ಬಲವನ್ನು ಇಂಜಿನ್ ಭಾಗ ನುಂಗಿಕೊಳ್ಳುತ್ತದೆ. ಇಲ್ಲದಿದ್ದರೆ ಲಾರಿಯ ಹಲಗೆ ನೇರವಾಗಿ ಗಾಜನ್ನು ಸೀಳಿಕೊಂಡು ಕೂತವರ ತಲೆಗೆ ಬರುತ್ತದೆ. ನಮ್ಮಲ್ಲಿ ಈ ಹಿಂಬದಿ ಪಟ್ಟಿಗೆ ಭಾರತೀಯ ಮಾನಕ ಬಂದದ್ದು ಹೊಸ ಶತಮಾನದಲ್ಲಿ. ಬಂದ ಮೇಲೂ ಕಲ್ಲು, ಮೆಕ್ಕೆಜೋಳ, ಈರುಳ್ಳಿ ಹೇರಿಕೊಂಡು ಹೆದ್ದಾರಿಯ ಅಂಚಿನಲ್ಲಿ ನಿಂತ ಲಾರಿಗಳ ಹಿಂದೆ ನೆಪಕ್ಕೆ ಬೆಸುಗೆ ಹಾಕಿದ ತೆಳು ಪೈಪುಗಳನ್ನು ಯಾರು ಬೇಕಾದರೂ ನೋಡಬಹುದು.

ಶಂಕರ್‌ನಾಗ್ ಕೊನೆಯ ಬಾರಿ ಹೊರಟ ಆ ರಸ್ತೆಯ ಕಥೆ ಹಳೆಯದು. 1831ರಲ್ಲಿ ಮೈಸೂರಿನ ಆಡಳಿತ ಬ್ರಿಟಿಷರ ಕೈಗೆ ಹೋದ ಮೇಲೆ, 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕಾಲದಲ್ಲಿ ಸಂಸ್ಥಾನದಲ್ಲಿ ಸುಮಾರು 1,600 ಮೈಲಿ ರಸ್ತೆಯಾಯಿತು. ಬೆಂಗಳೂರಿನಿಂದ ತುಮಕೂರು, ಸಿರಾ, ಹಿರಿಯೂರು, ಚಿತ್ರದುರ್ಗ, ಹರಿಹರ ಹಾದು ಪುಣೆಯ ಕಡೆಗೆ ಸಾಗುವ ದಾರಿ ಅದರಲ್ಲಿ ಮುಖ್ಯವಾದದ್ದು. 1868ರಲ್ಲಿ ಹರಿಹರದಲ್ಲಿ ತುಂಗಭದ್ರೆಗೆ ಸೇತುವೆಯಾದ ಮೇಲೆ ದಾರಿ ಹೊಳೆಗೆ ಹೆದರುವುದು ತಪ್ಪಿತು. ಎತ್ತಿನ ಗಾಡಿಗಾಗಿ ಮಾಡಿದ ರಸ್ತೆ ಊರನ್ನು ತಪ್ಪಿಸಿಕೊಂಡು ಹೋಗುವುದಿಲ್ಲ, ಊರೊಳಗೇ ನುಗ್ಗುತ್ತದೆ. ಎತ್ತಿಗೆ ನೀರು, ಮನುಷ್ಯರಿಗೆ ಛತ್ರ, ಸರಕಿಗೆ ಪೇಟೆ ಸಿಗುವುದು ಊರೊಳಗೇ ಅಲ್ಲವೇ.

ಸ್ವಾತಂತ್ರ್ಯದ ನಂತರ ಅದೇ ದಾರಿ ರಾಷ್ಟ್ರೀಯ ಹೆದ್ದಾರಿ 4 ಆಯಿತು. ಸೊಲ್ಲಾಪುರದಿಂದ ಬಂದು ಹೊಳಲ್ಕೆರೆ, ಶಿವಮೊಗ್ಗದ ಕಡೆಗೆ ಇಳಿದು ಮಂಗಳೂರು ಸೇರುವ ಹೆದ್ದಾರಿ 13 ಚಿತ್ರದುರ್ಗದಲ್ಲಿ ಅದನ್ನು ಕೂಡುತ್ತಿತ್ತು. ಹಿರಿಯೂರಿನಲ್ಲಿ ಬಳ್ಳಾರಿಯಿಂದ ಮೈಸೂರಿಗೆ ಹೋಗುವ ರಸ್ತೆ ಅಡ್ಡ ಹಾಯುತ್ತದೆ. ಮುಂಬಯಿಯ ಲಾರಿ, ಮಂಗಳೂರು ಬಂದರಿನ ಲಾರಿ, ಬಳ್ಳಾರಿಯ ಅದಿರಿನ ಲಾರಿ ಎಲ್ಲವೂ ಈ ಜಿಲ್ಲೆಯ ಮೇಲೇ ಹೋಗಬೇಕು. ದುರ್ಗದ ಬಿ.ಡಿ. ರಸ್ತೆಯಲ್ಲಿ ಮುಂಬಯಿ ಲಾರಿಯೂ ಶಾಲೆಯ ಮಕ್ಕಳೂ ಒಂದೇ ಡಾಂಬರಿನ ಮೇಲೆ ಸಾಗುತ್ತಿದ್ದರು. ಊರಿನ ಗದ್ದಲವೇ ಲಾರಿಯ ವೇಗಕ್ಕೆ ಕಡಿವಾಣ. ಊರು ದಾಟಿದ ಮೇಲೆ ಎರಡು ವಾಹನ ಎದುರುಬದುರು ಹಾಯುವಷ್ಟೇ ಅಗಲ, ಅಕ್ಕಪಕ್ಕ ಹುಣಿಸೆ, ಬೇವಿನ ಸಾಲು, ನಡುವೆ ಒಂದು ಬಿಳಿ ಗೆರೆ. ಒಂದು ಲಾರಿಯನ್ನು ಹಿಂದಿಕ್ಕಲು ಹೊರಟವನಿಗೂ ಎದುರಿನಿಂದ ಬರುವವನಿಗೂ ನಡುವೆ ಆ ಗೆರೆ ಬಿಟ್ಟು ಬೇರೇನೂ ಇರಲಿಲ್ಲ. 1990ರಲ್ಲಿ ನಮ್ಮ ಕಾರುಗಳಿಗೆ ಮುಂದಿನ ಸೀಟಿನ ಬೆಲ್ಟ್ ಕೂಡ ಕಡ್ಡಾಯವಿರಲಿಲ್ಲ. ಸ್ವೀಡನ್ನಿನ ಇಂಜಿನಿಯರ್ ನಿಲ್ಸ್ ಬೋಲಿನ್ ಮೂರು ಬಿಂದುಗಳ ಸೀಟ್‌ಬೆಲ್ಟ್ ರೂಪಿಸಿ, ಅವರ ಕಂಪನಿ ಅದನ್ನು ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟುಕೊಟ್ಟು ಆಗಲೇ ಮೂವತ್ತು ವರ್ಷ ದಾಟಿತ್ತು.

ಅಪಘಾತವಾದಾಗ ಪೊಲೀಸ್ ಠಾಣೆಯಲ್ಲಿ ದಾಖಲಾಗುತ್ತಿದ್ದುದು ಒಂದೇ ವಾಕ್ಯ: ಚಾಲಕ ವಾಹನವನ್ನು ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿದ್ದರಿಂದ. ಭಾರತೀಯ ದಂಡ ಸಂಹಿತೆಯ 279 ಮತ್ತು 304ಎ ಕಲಮುಗಳಿಗೆ ಆ ಮಾತು ಬೇಕು. ಕಾನೂನು ಕೇಳಿದ್ದು ಯಾರ ತಪ್ಪು ಎಂದು, ಆದ್ದರಿಂದ ಉತ್ತರವೂ ಯಾರೋ ಒಬ್ಬನ ಹೆಸರಾಗಿಯೇ ಬಂತು. ತಿರುವಿನಲ್ಲಿ ನೋಟ ಸಿಗುತ್ತಿತ್ತೇ, ಮೋರಿಯ ಕಟ್ಟೆ ರಸ್ತೆಗೇ ಚಾಚಿಕೊಂಡಿತ್ತೇ, ನಿಂತ ಲಾರಿಗೆ ಹಿಂದೆ ದೀಪವಿತ್ತೇ ಎಂಬ ಪ್ರಶ್ನೆಗೆ ಆರೋಪಪಟ್ಟಿಯಲ್ಲಿ ಜಾಗವೇ ಇರಲಿಲ್ಲ. ಈ ಅಭ್ಯಾಸ ಎಷ್ಟು ಆಳವೆಂದರೆ ಕೇಂದ್ರ ಸಾರಿಗೆ ಸಚಿವಾಲಯದ 2022ರ ವರದಿಯಲ್ಲೂ ರಸ್ತೆಯಲ್ಲಿ ಸತ್ತ 1,68,491 ಜನರ ಪೈಕಿ ನೂರಕ್ಕೆ 71ರಷ್ಟು ಸಾವಿಗೆ ಕಾರಣ ಅತಿವೇಗ ಎಂದೇ ಇದೆ. ವೇಗ ಕೊಲ್ಲುತ್ತದೆ ನಿಜ. ಆದರೆ ಆ ವೇಗಕ್ಕೆ ಯಾವ ರಸ್ತೆ ಎಡೆ ಮಾಡಿಕೊಟ್ಟಿತು, ಆ ವೇಗದಲ್ಲಿ ತಪ್ಪಿದವನನ್ನು ಕಾಯಲು ರಸ್ತೆಯಲ್ಲಿ ಏನಿತ್ತು ಎಂಬುದು ಆ ಅಂಕಿಯೊಳಗೆ ಮುಚ್ಚಿಹೋಗುತ್ತದೆ.

ದೊಡ್ಡ ತಿರುವು ಬಂದದ್ದು ವಾಜಪೇಯಿ ಸರ್ಕಾರದ ಸುವರ್ಣ ಚತುಷ್ಪಥ ಯೋಜನೆಯಿಂದ. ದೆಹಲಿ, ಮುಂಬಯಿ, ಚೆನ್ನೈ, ಕೋಲ್ಕತ್ತಗಳನ್ನು 5,846 ಕಿಲೋಮೀಟರ್ ನಾಲ್ಕು ಪಥದ ರಸ್ತೆಯಿಂದ ಬೆಸೆಯುವ ಯೋಜನೆ 1999ರಲ್ಲಿ ಶುರುವಾಯಿತು. ಮುಂಬಯಿ–ಚೆನ್ನೈ ಭುಜ ಚಿತ್ರದುರ್ಗದ ಮೇಲೇ ಹಾಯಬೇಕು. ಸಾಲುಮರಗಳು ಉರುಳಿದವು, ಕಲ್ಲುಗುಡ್ಡಗಳು ಸೀಳಿದವು, ಊರಿನ ಹೊರಗೆ ಬೈಪಾಸ್ ಬಂತು. ಮುಂದೆ ತುಮಕೂರು–ಚಿತ್ರದುರ್ಗದ ಸುಮಾರು 114 ಕಿಲೋಮೀಟರನ್ನು ಆರು ಪಥವಾಗಿಸುವ ಗುತ್ತಿಗೆ ಖಾಸಗಿ ಕಂಪನಿಗೆ ಹೋಯಿತು, ಹಿರಿಯೂರಿನ ಬಳಿ ಗುಯಿಲಾಳಿನಲ್ಲಿ ಟೋಲ್ ಗೇಟ್ ನಿಂತಿತು. ಹೆದ್ದಾರಿಗಳ ನಂಬರ್ ಬದಲಾದಾಗ 4 ಹೋಗಿ 48 ಆಯಿತು. ಊರಿನವರು ಇಂದಿಗೂ ಎನ್‌ಎಚ್ ನಾಲ್ಕು ಅನ್ನುತ್ತಾರೆ.

ಹೊಸ ರಸ್ತೆ ಏನನ್ನೂ ಕೊಡಲಿಲ್ಲ ಎಂದರೆ ಅನ್ಯಾಯವಾದೀತು. ನಡುವೆ ಮೀಡಿಯನ್ ಬಂದು ಹೋಗುವ ವಾಹನ ಬರುವ ವಾಹನ ಬೇರೆಯಾದವು. ಮುಖಾಮುಖಿ ಡಿಕ್ಕಿ ಹಳೆಯ ಎರಡು ಪಥದ ರಸ್ತೆಯ ದೊಡ್ಡ ಶಾಪವಾಗಿತ್ತು, ಅದನ್ನು ಕುಗ್ಗಿಸಲು ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ಬೆಂಗಳೂರು ಹತ್ತಿರವಾಯಿತು, ಹಿರಿಯೂರಿನ ತೆಂಗು, ಚಳ್ಳಕೆರೆಯ ಶೇಂಗಾ, ಹೊಳಲ್ಕೆರೆ ಹೊಸದುರ್ಗದ ಅಡಿಕೆ, ದಾಳಿಂಬೆ ಬೇಗ ಪೇಟೆ ಸೇರಿದವು. ರೋಗಿಗಳು ದೊಡ್ಡಾಸ್ಪತ್ರೆಗೆ ಬೇಗ ಮುಟ್ಟಿದರು.

ಆದರೆ ರಸ್ತೆಯನ್ನು ಗೀಚಿದವರ ಕಣ್ಣೆದುರು ಇದ್ದದ್ದು ಬೆಂಗಳೂರಿನಿಂದ ಮುಂಬಯಿಗೆ ಹೋಗುವ ಗಾಡಿ. ಜವನಗೊಂಡನಹಳ್ಳಿ, ಆದಿವಾಲ, ಐಮಂಗಲ, ಭರಮಸಾಗರದಂಥ ಊರುಗಳಲ್ಲಿ ರಸ್ತೆಯನ್ನು ಅಡ್ಡ ದಾಟಬೇಕಾದ ಮನುಷ್ಯ ಅವರ ಲೆಕ್ಕದಲ್ಲಿ ಕೊನೆಗೆ ಬಂದ. ಮನೆ ಒಂದು ಕಡೆ, ಹೊಲ ಇನ್ನೊಂದು ಕಡೆ. ಶಾಲೆ ಇತ್ತ, ಬಸ್ಸು ನಿಲ್ಲುವುದು ಅತ್ತ. ಇದು ಕುರಿಗಾಹಿಗಳ ಸೀಮೆ. ಕಾಡುಗೊಲ್ಲರ ಹಟ್ಟಿಗಳಿಂದ ಹೊರಟ ಮಂದೆಗೆ ಎರಡು ಕಿಲೋಮೀಟರ್ ಆಚೆಗಿನ ಅಂಡರ್‌ಪಾಸ್ ಎಲ್ಲಿಯ ದಾರಿ? ಕುರಿ ತನಗೆ ಗೊತ್ತಿರುವ ಜಾಡಿನಲ್ಲೇ ದಾಟುತ್ತದೆ, ಕುರಿಯ ಹಿಂದೆ ಮನುಷ್ಯ. ಕಾಲು ನೋವಿನ ಅಜ್ಜಿಗೆ ಸ್ಕೈವಾಕಿನ ಮೆಟ್ಟಿಲೂ ಅಷ್ಟೇ ದೂರ. ಜನ ಮೀಡಿಯನ್ ಒಡೆದು ತಾವೇ ದಾರಿ ಮಾಡಿಕೊಂಡರು. ಬೈಕಿನವರು ಯು-ಟರ್ನ್ ಸುತ್ತು ಹೊಡೆಯಲಾಗದೆ ಎದುರು ದಿಕ್ಕಿನಲ್ಲೇ ಬಂದರು. ಅಧಿಕಾರಿಗಳು ಅದನ್ನು ಶಿಸ್ತಿಲ್ಲದ ಜನ ಎಂದು ಬರೆದುಕೊಂಡರು. ನನಗೆ ಅದು ಹಾಗೆ ಕಾಣುವುದಿಲ್ಲ. ನೂರಾರು ಜನ ಒಂದೇ ಜಾಗದಲ್ಲಿ ದಾಟುತ್ತಿದ್ದಾರೆಂದರೆ ದಾಟುವ ಅಗತ್ಯ ಎಲ್ಲಿದೆ ಎಂದು ಅವರು ನೆಲದ ಮೇಲೇ ಗುರುತು ಹಾಕಿ ತೋರಿಸಿದ್ದಾರೆ. ನಕ್ಷೆ ತಿದ್ದಬೇಕಿದ್ದದ್ದು ಅಲ್ಲಿ.

ವೇಗದ ಲೆಕ್ಕ ಕ್ರೂರವಾದದ್ದು. ವೇಗ ಎರಡು ಪಟ್ಟಾದರೆ ಢಿಕ್ಕಿಯ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 30 ಕಿಲೋಮೀಟರಿನಲ್ಲಿ ಬರುವ ಕಾರು ತಾಗಿದರೆ ನಡೆಯುವವರಲ್ಲಿ ಬಹುಪಾಲು ಜನ ಬದುಕುತ್ತಾರೆ, 50ಕ್ಕೆ ಏರಿದರೆ ಬಹುಪಾಲು ಸಾಯುತ್ತಾರೆ ಎಂದು ಬಹಳ ಕಾಲ ಹೇಳಲಾಗುತ್ತಿತ್ತು. ಈಚಿನ ಸಂಶೋಧಕರು ಇದನ್ನು ಪ್ರಶ್ನಿಸಿದ್ದಾರೆ. ಹಳೆಯ ಅಧ್ಯಯನಗಳಲ್ಲಿ ಸಣ್ಣಪುಟ್ಟ ಗಾಯದ ಪ್ರಕರಣಗಳು ದಾಖಲೆಯಲ್ಲಿ ಬಿಟ್ಟುಹೋಗಿದ್ದರಿಂದ ಸಾವಿನ ಪ್ರಮಾಣ ಹೆಚ್ಚಾಗಿ ಕಂಡಿತೆಂದೂ, ಆ ಏರಿಕೆ ಇನ್ನೂ ಹೆಚ್ಚಿನ ವೇಗದಲ್ಲಿ ಬರುತ್ತದೆಂದೂ ಅವರ ವಾದ. ಆದರೆ ಆ ಚರ್ಚೆಯೆಲ್ಲ ಪಟ್ಟಣದ ಬೀದಿಗಳ ವೇಗಕ್ಕೆ ಸೇರಿದ್ದು. 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ನಾಲ್ಕು ಪಥದ ಹೆದ್ದಾರಿಗಳಲ್ಲಿ ಕಾರಿನ ಗರಿಷ್ಠ ವೇಗವನ್ನು 100ಕ್ಕೆ ಏರಿಸಿತು. ಆ ವೇಗದಲ್ಲಿ ಮನುಷ್ಯನ ಮೈ ತಡೆದೀತೆಂದು ಯಾವ ಪಂಥದ ಸಂಶೋಧಕರೂ ಹೇಳುವುದಿಲ್ಲ. ದೇಶದ ಒಟ್ಟು ರಸ್ತೆಯಲ್ಲಿ ರಾಷ್ಟ್ರೀಯ ಹೆದ್ದಾರಿಗಳ ಪಾಲು ನೂರಕ್ಕೆ ಎರಡರ ಸುಮಾರು. 2022ರ ಸಾವುಗಳಲ್ಲಿ ಅವುಗಳ ಪಾಲು ನೂರಕ್ಕೆ 36.

ನಡೆಯುತ್ತ ಸತ್ತವರ ಲೆಕ್ಕದಲ್ಲೂ ತಕರಾರಿದೆ. ಸರ್ಕಾರದ 2015ರ ಅಂಕಿಗಳಲ್ಲಿ ಸತ್ತವರಲ್ಲಿ ಪಾದಚಾರಿಗಳು ಹತ್ತಕ್ಕೆ ಒಬ್ಬರಷ್ಟೇ. ದೆಹಲಿ ಐಐಟಿಯ ದಿನೇಶ್ ಮೋಹನ್ ಮತ್ತು ಗೀತಮ್ ತಿವಾರಿ ಪೊಲೀಸ್ ಕಡತಗಳನ್ನೇ ಬಿಡಿಸಿ ನೋಡಿ, ನಿಜವಾದ ಪಾಲು ಮೂರಕ್ಕೆ ಒಂದರ ಹತ್ತಿರವಿದೆ ಎಂದು ವಾದಿಸಿದರು. ಢಿಕ್ಕಿ ಹೊಡೆದ ವಾಹನದ ಲೆಕ್ಕದಲ್ಲಿ ಸತ್ತವರನ್ನು ಬರೆದರೆ ನಡೆಯುತ್ತಿದ್ದವನು ಕಾಣದಾಗುತ್ತಾನೆ. 2016ಕ್ಕೆ ಭಾರತ ಕೊಟ್ಟ ಸಾವಿನ ಸಂಖ್ಯೆ 1,50,785. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು ಅದರ ಎರಡು ಪಟ್ಟಿನ ಹತ್ತಿರ, 2,99,091. ಯಾವ ಅಂಕಿ ಸರಿ ಎಂಬ ವಾದ ಮುಗಿದಿಲ್ಲ. ಎಣಿಕೆಗೇ ಸಿಗದವನಿಗಾಗಿ ಯಾರೂ ರಸ್ತೆ ಕಟ್ಟುವುದಿಲ್ಲ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಚಿತ್ರದುರ್ಗದ ರಸ್ತೆಗಳು ದೇಶಕ್ಕೆ ಇನ್ನೊಂದು ಪಾಠವನ್ನೂ ಹೇಳಿದವು, ಅದು ಬೆಂಕಿಯದು. 2010ರ ಮೇ 30ರ ಭಾನುವಾರ ಸುರಪುರದಿಂದ ಬೆಂಗಳೂರಿಗೆ ಹೊರಟಿದ್ದ ಸರ್ಕಾರಿ ಬಸ್ಸು ಚಳ್ಳಕೆರೆ ಬಳಿ ರಸ್ತೆ ತಪ್ಪಿ ಉರುಳಿ ಹೊತ್ತಿಕೊಂಡಿತು. ಮಕ್ಕಳೂ ಸೇರಿ 30 ಜನ ಒಳಗೇ ಸುಟ್ಟುಹೋದರು. ಕಲ್ಯಾಣ ಕರ್ನಾಟಕದಿಂದ ಕೂಲಿಗಾಗಿ, ಓದಿಗಾಗಿ ಬೆಂಗಳೂರಿಗೆ ಹೋಗುವ ಜನ ಕೂರುವ ಬಸ್ಸುಗಳಲ್ಲಿ ಅದೂ ಒಂದು. 2013ರ ಅಕ್ಟೋಬರ್ 30ರಂದು ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುತ್ತಿದ್ದ ಐಷಾರಾಮಿ ಬಸ್ಸು ಮಹಬೂಬ್‌ನಗರ ಜಿಲ್ಲೆಯ ಪಾಲೆಂ ಬಳಿ ಮೋರಿಯ ಕಟ್ಟೆಗೆ ತಾಗಿತು. ಡೀಸೆಲ್ ಟ್ಯಾಂಕಿಗೆ ಬೆಂಕಿ ಹತ್ತಿ 45 ಜನ ಸತ್ತರು. ಎರಡೇ ವಾರದ ನಂತರ, ನವೆಂಬರ್ 14ರಂದು, ಬೆಂಗಳೂರಿನಿಂದ ಮುಂಬಯಿಗೆ ಹೊರಟ ಬಸ್ಸು ಹಾವೇರಿ ಬಳಿ ಉರಿದು ಏಳು ಜನ ಹೋದರು. ಅದು ಚಿತ್ರದುರ್ಗವನ್ನು ದಾಟಿ ಹೋಗಿದ್ದ ಬಸ್ಸು. 2014ರ ಏಪ್ರಿಲ್ 16ರಂದು, ಲೋಕಸಭೆಯ ಮತದಾನಕ್ಕೆ ಒಂದು ದಿನ ಇರುವಾಗ, ದಾವಣಗೆರೆಯಿಂದ ಬೆಂಗಳೂರಿಗೆ ಹೋಗುತ್ತಿದ್ದ ಖಾಸಗಿ ಬಸ್ಸು ಹಿರಿಯೂರು ತಾಲ್ಲೂಕಿನ ಮೇಟಿಕುರ್ಕೆ ಬಳಿ ಉರಿಯಿತು. ಆರು ಸಾವು.

ಬೆಂಕಿ ಹತ್ತಿದ್ದಕ್ಕೆ ಒಂದೊಂದು ಕಡೆ ಒಂದೊಂದು ಕಾರಣ. ಜನ ಹೊರಗೆ ಬರಲಾಗದ್ದಕ್ಕೆ ಮಾತ್ರ ಕಾರಣ ಎಲ್ಲ ಕಡೆಯೂ ಹತ್ತಿರ ಹತ್ತಿರ ಒಂದೇ. ನಮ್ಮ ದೂರಪ್ರಯಾಣದ ಬಸ್ಸುಗಳಿಗೆ ನಿತ್ಯ ಬಳಕೆಯ ಬಾಗಿಲು ಎಡಗಡೆ ಒಂದು. ಬಸ್ಸು ಎಡಕ್ಕೆ ಮಗುಚಿದರೆ ಅದು ನೆಲಕ್ಕೆ ಒತ್ತಿಕೊಳ್ಳುತ್ತದೆ. ತುರ್ತು ಬಾಗಿಲಿದ್ದರೂ ಅದರ ಮುಂದೆ ಸೀಟೋ ಬರ್ತೋ ಹಾಕಿರುವುದು ಮಾಮೂಲು. ಎಸಿ ಬಸ್ಸಿನ ಗಾಜು ತೆರೆಯುವುದಿಲ್ಲ, ಒಡೆಯುವ ಸುತ್ತಿಗೆ ಇದ್ದ ಜಾಗದಲ್ಲಿ ಖಾಲಿ ಕೊಕ್ಕೆ. ಸೀಟಿನ ಫೋಮು, ಪರದೆ, ಹೊದಿಕೆ ಉರಿದಾಗ ಬರುವ ವಿಷದ ಹೊಗೆ ಬೆಂಕಿಗಿಂತ ಮೊದಲೇ ಮಲಗಿದ್ದವರ ಪ್ರಜ್ಞೆ ತಪ್ಪಿಸುತ್ತದೆ. ಸ್ಲೀಪರ್ ಬಸ್ಸಿನ ಮೇಲಿನ ಬರ್ತಿನಲ್ಲಿದ್ದವರು ಕತ್ತಲಲ್ಲಿ ಕೆಳಗಿಳಿದು, ಎರಡು ಜನ ಒಟ್ಟಿಗೆ ನಡೆಯಲಾರದ ಓಣಿಯಲ್ಲಿ ಬಾಗಿಲು ಹುಡುಕಬೇಕು. ಇದೆಲ್ಲ ಚಾಲಕನ ಅಜಾಗರೂಕತೆಯಿಂದ ಆದದ್ದಲ್ಲ. ಬಸ್ಸಿಗೆ ಬಾಡಿ ಕಟ್ಟುವ ಶೆಡ್ಡಿನಲ್ಲಿ, ಅದಕ್ಕೆ ಎಫ್‌ಸಿ ಕೊಡುವ ಆರ್‌ಟಿಒ ಕಚೇರಿಯಲ್ಲಿ ತೀರ್ಮಾನವಾದದ್ದು.

ನಿಯಮ ಇರಲಿಲ್ಲವೇ? ಇತ್ತು. ಬಸ್ಸಿನ ಬಾಡಿ ಹೇಗಿರಬೇಕೆಂದು ಹೇಳುವ ಎಐಎಸ್-052 ಸಂಹಿತೆ 2008ರಲ್ಲೇ ಪರಿಷ್ಕೃತಗೊಂಡಿತ್ತು. ಊರೂರಿನ ಬಾಡಿ ಬಿಲ್ಡರ್‌ಗಳಿಗೆಲ್ಲ ಅದು ಅನ್ವಯವಾಗುವ ದಿನ ಮಾತ್ರ ಮುಂದೆ ಮುಂದೆ ಹೋಯಿತು. ಪಾಲೆಂ, ಹಾವೇರಿಯ ನಂತರ ಸಾರಿಗೆ ಇಲಾಖೆ ತಪಾಸಣೆ ನಡೆಸಿತು. ತುರ್ತು ಬಾಗಿಲು, ಸುತ್ತಿಗೆ, ಬೆಂಕಿ ನಂದಿಸುವ ಸಿಲಿಂಡರ್ ಎಲ್ಲ ಸುದ್ದಿಯಾದವು. ಸುದ್ದಿ ತಣ್ಣಗಾದ ಮೇಲೆ 2020ರ ಆಗಸ್ಟ್ 12ರಂದು ವಿಜಯಪುರದಿಂದ ಬೆಂಗಳೂರಿಗೆ ಬರುತ್ತಿದ್ದ ಖಾಸಗಿ ಬಸ್ಸು ಮತ್ತೆ ಹಿರಿಯೂರು ತಾಲ್ಲೂಕಿನಲ್ಲೇ, ಕೆ.ಆರ್. ಹಳ್ಳಿ ಬಳಿ, ಉರಿದು ಐವರು ಸತ್ತರು. ದೂರಪ್ರಯಾಣದ ಮತ್ತು ಶಾಲಾ ಬಸ್ಸುಗಳಲ್ಲಿ ಪ್ರಯಾಣಿಕರು ಕೂರುವ ಭಾಗಕ್ಕೂ ಬೆಂಕಿ ಎಚ್ಚರಿಕೆ ಮತ್ತು ರಕ್ಷಣಾ ವ್ಯವಸ್ಥೆ ಇರಬೇಕೆಂಬ ಕೇಂದ್ರದ ಅಧಿಸೂಚನೆ ಬಂದದ್ದು 2022ರ ಜನವರಿಯಲ್ಲಿ. ಅದೂ ಹೊಸದಾಗಿ ತಯಾರಾಗುವ ಬಸ್ಸುಗಳಿಗೆ. ಹಳೆಯವು ಹೆದ್ದಾರಿಯಲ್ಲಿ ಓಡುತ್ತಲೇ ಇದ್ದವು.

ಕಾರುಗಳ ಕಥೆಯೂ ಹೀಗೇ ತಡವಾಗಿ ತಿರುಗಿತು. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ಭಾರತದಲ್ಲಿ ಮಾರಾಟವಾಗುತ್ತಿದ್ದ ಐದು ಸಣ್ಣ ಕಾರುಗಳನ್ನು ಗಂಟೆಗೆ 64 ಕಿಲೋಮೀಟರಿನಲ್ಲಿ ಗೋಡೆಗೆ ಗುದ್ದಿಸಿ ನೋಡಿತು. ದೊಡ್ಡವರ ರಕ್ಷಣೆಯಲ್ಲಿ ಐದಕ್ಕೂ ಸೊನ್ನೆ ತಾರೆ. ಆ ಸೊನ್ನೆ ಮಾಡಿದ ಕೆಲಸ ದೊಡ್ಡದು. 2017ರ ಅಕ್ಟೋಬರ್‌ನಿಂದ ಹೊಸ ಮಾದರಿಗಳಿಗೆ ಢಿಕ್ಕಿ ಪರೀಕ್ಷೆ ಕಡ್ಡಾಯವಾಯಿತು, 2019ರಲ್ಲಿ ಚಾಲಕನ ಏರ್‌ಬ್ಯಾಗ್, 2023ರ ಅಕ್ಟೋಬರ್‌ನಲ್ಲಿ ನಮ್ಮದೇ ಭಾರತ್ ಎನ್‌ಕ್ಯಾಪ್. ಕಾರಿನ ಮುಂಭಾಗ ನಡೆಯುವವನ ಕಾಲಿಗೆ, ತಲೆಗೆ ತಾಗಿದರೆ ಎಷ್ಟು ಮೆತ್ತಗಿರಬೇಕು ಎಂದು ಹೇಳುವ ಎಐಎಸ್-100 ಕೂಡ ಇದೇ ಕಾಲದಲ್ಲಿ ಜಾರಿಗೆ ಬಂತು. ಎಸ್‌ಯುವಿಗಳ ಮುಂದೆ ಶೋಕಿಗೆ ಕಟ್ಟುವ ಕಬ್ಬಿಣದ ಬುಲ್‌ಬಾರ್ ಅನ್ನು 2017ರ ಡಿಸೆಂಬರ್‌ನಲ್ಲಿ ಕೇಂದ್ರ ನಿಷೇಧಿಸಿದ್ದು ಅದಕ್ಕೇ. ದಾರಿಯಲ್ಲಿ ನಡೆಯುವವನ ಎದೆಯ ಮಟ್ಟಕ್ಕೆ ಅದು ಬರುತ್ತದೆ.

ರಕ್ಷಣೆ ಹೆಚ್ಚಿಸಿದರೆ ಚಾಲಕರು ಇನ್ನೂ ಜೋರಾಗಿ ಓಡಿಸಿ ಅದರ ಲಾಭವನ್ನೆಲ್ಲ ತಿಂದುಹಾಕುತ್ತಾರೆ, ಹೊರೆ ಪಾದಚಾರಿಗಳ ಮೇಲೆ ಬೀಳುತ್ತದೆ ಎಂದು 1975ರಲ್ಲಿ ಷಿಕಾಗೋದ ಅರ್ಥಶಾಸ್ತ್ರಜ್ಞ ಸ್ಯಾಮ್ ಪೆಲ್ಟ್ಸ್‌ಮನ್ ವಾದಿಸಿದ್ದರು. ಆ ವಾದದಲ್ಲಿ ಒಂದು ಎಳೆ ಸತ್ಯವಿದೆ. ಆದರೆ ನಂತರದ ದಶಕಗಳ ಹೆಚ್ಚಿನ ಅಧ್ಯಯನಗಳು ಒಟ್ಟಾರೆ ಸಾವು ಇಳಿದದ್ದನ್ನೇ ಕಂಡವು. ಕಾರಿನೊಳಗಿನವರನ್ನು ಮಾತ್ರ ಕಾದು ನಿಲ್ಲಿಸಬಾರದು, ಹೊರಗಿನವರಿಗಾಗಿ ಬೀದಿಯನ್ನೂ ತಿದ್ದಬೇಕು ಎಂಬುದು ಅದರಿಂದ ತಿಳಿಯಬೇಕಾದದ್ದು.

ಹಾಗೆ ತಿದ್ದಿದ ದೇಶಗಳಿವೆ. ನೆದರ್ಲ್ಯಾಂಡ್ಸ್ ಇವತ್ತು ಸೈಕಲ್ಲಿನ ನಾಡು, ಆದರೆ 1971ರಲ್ಲಿ ಅಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ರಸ್ತೆಯಲ್ಲಿ ಸತ್ತಿದ್ದರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಮಗಳನ್ನು ಕಳೆದುಕೊಂಡ ಪತ್ರಕರ್ತ ವಿಕ್ ಲಾಂಗೆನ್‌ಹಾಫ್ ಬರೆದ ಲೇಖನದಿಂದ ‘ಮಕ್ಕಳ ಕೊಲೆ ನಿಲ್ಲಿಸಿ’ ಎಂಬ ಚಳವಳಿ ಎದ್ದಿತು; ತಾಯಂದಿರು ಬೀದಿಗಳನ್ನು ಅಡ್ಡಗಟ್ಟಿ ಕೂತರು. ಡೆಲ್ಫ್ಟ್ ಪಟ್ಟಣದಲ್ಲಿ ಮನೆಗಳ ನಡುವಿನ ಬೀದಿಯನ್ನೇ ಅಂಕುಡೊಂಕು ಮಾಡಿ, ಗಿಡ ನೆಟ್ಟು, ಕಾರು ನಡಿಗೆಯ ವೇಗಕ್ಕಿಳಿಯುವಂತೆ ಕಟ್ಟುವ ಪದ್ಧತಿ ಆ ಕಾಲದ್ದೇ. ಅಮೆರಿಕದಲ್ಲಿ ರಾಲ್ಫ್ ನಾಡರ್ 1965ರಲ್ಲಿ ಕಾರು ಕಂಪನಿಗಳನ್ನು ನೇರವಾಗಿ ಹೊಣೆ ಮಾಡಿ ಪುಸ್ತಕ ಬರೆದ ಮರುವರ್ಷವೇ ವಾಹನ ಸುರಕ್ಷತೆಯ ಕಾನೂನು ಬಂತು. ಸ್ವೀಡನ್ 1997ರಲ್ಲಿ ಇದನ್ನೆಲ್ಲ ಒಂದು ತತ್ವವಾಗಿ ಕಟ್ಟಿತು. ಮನುಷ್ಯ ತಪ್ಪುವುದು ಸಹಜ, ಆ ತಪ್ಪಿಗೆ ಮರಣವೇ ಶಿಕ್ಷೆಯಾಗದಂತೆ ರಸ್ತೆ ಕಟ್ಟುವುದು ಕಟ್ಟುವವರ ಹೊಣೆ ಎಂದು ಅಲ್ಲಿಯ ಸಂಸತ್ತು ಒಪ್ಪಿಕೊಂಡಿತು. ಹೆದ್ದಾರಿಗಳ ನಡುವೆ ಉಕ್ಕಿನ ತಂತಿಯ ಬೇಲಿ ಬಂತು, ನೇರ ಕೂಡುರಸ್ತೆಗಳು ವೃತ್ತಗಳಾದವು. 1997ರಲ್ಲಿ 541 ಇದ್ದ ಸಾವು 2020ರಲ್ಲಿ 204ಕ್ಕೆ ಇಳಿಯಿತು. ನಮ್ಮದು ಸ್ವೀಡನ್ ಅಲ್ಲ, ಒಪ್ಪಿದೆ. ಆದರೆ 2016ರಲ್ಲಿ 151 ಜನ ಸತ್ತಿದ್ದ ಮುಂಬಯಿ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಬಯಲಾಗಿ ನಿಂತಿದ್ದ ಕಂಬ, ಗೋಡೆಗಳಿಗೆ ತಡೆಬೇಲಿ ಹಾಕಿ, ಲಾರಿ ನಿಲ್ಲುವ ಜಾಗ ತಿದ್ದಿ, ಆಂಬುಲೆನ್ಸ್ ಹತ್ತಿರ ತಂದ ಮೇಲೆ ಕೆಲವೇ ವರ್ಷಗಳಲ್ಲಿ ಸಾವು ಅರ್ಧಕ್ಕಿಂತ ಕೆಳಗಿಳಿಯಿತು. ಓಡಿಸಿದವರು ಅದೇ ನಮ್ಮ ಚಾಲಕರು.

ಭಾರತದ ಕಾನೂನು ರಸ್ತೆಯ ಕಡೆಗೆ ಬೆರಳು ತೋರಿಸಿದ್ದು 2019ರಲ್ಲಿ. ಸುಪ್ರೀಂ ಕೋರ್ಟ್ 2014ರಲ್ಲಿ ನ್ಯಾಯಮೂರ್ತಿ ಕೆ.ಎಸ್. ರಾಧಾಕೃಷ್ಣನ್ ನೇತೃತ್ವದಲ್ಲಿ ರಸ್ತೆ ಸುರಕ್ಷತೆಗೆ ಸಮಿತಿ ಮಾಡಿತ್ತು. ಅದು ರಾಜ್ಯಗಳನ್ನು ಬೆನ್ನುಹತ್ತಿ ಬ್ಲ್ಯಾಕ್‌ಸ್ಪಾಟ್‌ಗಳನ್ನು ಗುರುತಿಸಿ ಎಂದಿತು. ಆ ಬ್ಲ್ಯಾಕ್‌ಸ್ಪಾಟ್ ಎಂಬುದರ ಅಳತೆಯನ್ನು ಒಮ್ಮೆ ನಿಧಾನವಾಗಿ ಓದಿಕೊಳ್ಳಬೇಕು: ಸುಮಾರು 500 ಮೀಟರ್ ರಸ್ತೆಯಲ್ಲಿ ಮೂರು ವರ್ಷದೊಳಗೆ ಸಾವು ಅಥವಾ ತೀವ್ರ ಗಾಯದ ಐದು ಅಪಘಾತ, ಇಲ್ಲವೇ ಹತ್ತು ಸಾವು. ಅಷ್ಟಾದ ಮೇಲೆ ಜಾಗ ಪಟ್ಟಿಗೆ ಸೇರುತ್ತದೆ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ 198ಎ ಎಂಬ ಹೊಸ ಕಲಮು ತಂದಿತು. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ನಿಗದಿತ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯವಾದರೆ ಆ ಪ್ರಾಧಿಕಾರ, ಗುತ್ತಿಗೆದಾರ, ಸಲಹೆಗಾರ ಒಂದು ಲಕ್ಷ ರೂಪಾಯಿವರೆಗೆ ದಂಡ ಕಟ್ಟಬೇಕು. ಸಾವಿರಾರು ಕೋಟಿಯ ಗುತ್ತಿಗೆಗೆ ಒಂದು ಲಕ್ಷ ಏನೂ ಅಲ್ಲ. ಆದರೂ ರಸ್ತೆ ಕಟ್ಟಿದವನನ್ನು ಕೋರ್ಟಿನ ಮುಂದೆ ನಿಲ್ಲಿಸುವ ದಾರಿ ಕಾಗದದ ಮೇಲಾದರೂ ತೆರೆಯಿತು. ಆ ವರ್ಷ ಪತ್ರಿಕೆಗಳಲ್ಲಿ, ಟಿವಿಯಲ್ಲಿ ಗದ್ದಲವಾದದ್ದು ಮಾತ್ರ ಹೆಲ್ಮೆಟ್ ದಂಡದ ಬಗ್ಗೆ. ಸವಾರರ ದಂಡ ಇಳಿಸಿ ಎಂಬ ಕೂಗಿಗೆ ಕರ್ನಾಟಕ ಸರ್ಕಾರ ಅದೇ ಸೆಪ್ಟೆಂಬರ್‌ನಲ್ಲಿ ಮಣಿಯಿತು. 198ಎ ಬಗ್ಗೆ ಬೀದಿಯಲ್ಲಿ ಮಾತೇ ಬರಲಿಲ್ಲ.

2025ರ ಡಿಸೆಂಬರ್ 25ರ ನಸುಕಿನಲ್ಲಿ, ಕ್ರಿಸ್‌ಮಸ್ ರಜೆಗೆಂದು ಬೆಂಗಳೂರಿನಿಂದ ಗೋಕರ್ಣಕ್ಕೆ ಹೊರಟಿದ್ದ ಸ್ಲೀಪರ್ ಬಸ್ಸಿಗೆ ಹಿರಿಯೂರು ತಾಲ್ಲೂಕಿನ ಗೊರ್ಲತ್ತು ಕ್ರಾಸ್ ಬಳಿ ಎದುರಿನ ಪಥದ ಕಂಟೇನರ್ ಲಾರಿ ಮೀಡಿಯನ್ ದಾಟಿ ಬಂದು ಅಪ್ಪಳಿಸಿತು. ಬಸ್ಸು ಹೊತ್ತಿಕೊಂಡಿತು. ಮಲಗಿದ್ದವರಲ್ಲಿ ಕೆಲವರು ಹೊರಗೆ ಹಾರಿ ಬದುಕಿದರು, ಕೆಲವರಿಗೆ ಆಗಲಿಲ್ಲ. 1990ರ ರಸ್ತೆಯ ಕೊರತೆ ಮತ್ತು 2010ರ ಬಸ್ಸಿನ ಕೊರತೆ ಎರಡೂ ಆ ರಾತ್ರಿ ಒಂದೇ ಜಾಗದಲ್ಲಿ ಸೇರಿದವು. ಮೀಡಿಯನ್ನಿನ ಕಲ್ಲು ಮತ್ತು ಗಿಡ ಕಾರಿನ ಚಾಲಕನಿಗೆ ಗಡಿ ತೋರಿಸಬಲ್ಲವು, ಹೇರು ತುಂಬಿದ ಕಂಟೇನರ್ ಲಾರಿಯನ್ನು ತಡೆಯಲಾರವು. ತಡೆಯಬಲ್ಲ ಕಾಂಕ್ರೀಟ್ ಗೋಡೆ, ಉಕ್ಕಿನ ಬೇಲಿ ಯಾವುದೆಂದು ನಮ್ಮ ಇಂಜಿನಿಯರುಗಳಿಗೆ ಗೊತ್ತಿದೆ, ಮಾನದಂಡಗಳ ಪುಸ್ತಕದಲ್ಲೂ ಇದೆ.

2024ರ ಜುಲೈ 1ರಿಂದ ದಂಡ ಸಂಹಿತೆಯ ಜಾಗಕ್ಕೆ ನ್ಯಾಯ ಸಂಹಿತೆ ಬಂದಿದೆ; 279 ಈಗ 281, 304ಎ ಈಗ 106. ಠಾಣೆಯಲ್ಲಿ ಬರೆಯುವ ವಾಕ್ಯ ಹಳೆಯದೇ. ಆದರೆ ಅದರ ಪಕ್ಕದಲ್ಲಿ ಇನ್ನೊಂದು ದಾಖಲೆ ಹುಟ್ಟಿದೆ. ಮದ್ರಾಸ್ ಐಐಟಿ ಮತ್ತು ರಾಷ್ಟ್ರೀಯ ಮಾಹಿತಿ ಕೇಂದ್ರ ಸೇರಿ ರೂಪಿಸಿದ ಐರ್ಯಾಡ್ ಎಂಬ ಅಪಘಾತ ದತ್ತಾಂಶ ವ್ಯವಸ್ಥೆಯನ್ನು ಮೊದಲು ಪ್ರಯೋಗಿಸಿದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅದರಲ್ಲಿ ಪೊಲೀಸರು ಮೊಬೈಲಿನಲ್ಲಿ ಸ್ಥಳದ ಗುರುತು, ಫೋಟೊ ಹಾಕಿದರೆ ಮುಗಿಯುವುದಿಲ್ಲ. ವಾಹನವನ್ನು ಸಾರಿಗೆ ಇಲಾಖೆ ನೋಡಬೇಕು, ಆಸ್ಪತ್ರೆ ತನ್ನ ವಿವರ ಕೊಡಬೇಕು, ರಸ್ತೆಯ ಒಡೆತನ ಇರುವ ಇಲಾಖೆಯ ಇಂಜಿನಿಯರ್ ಜಾಗಕ್ಕೆ ಬಂದು ತಿರುವು, ಬೆಳಕು, ಮೀಡಿಯನ್, ದಾಟುವ ಜಾಗ ಹೇಗಿದ್ದವೆಂದು ತನ್ನ ಹೆಸರಿನಲ್ಲೇ ದಾಖಲಿಸಬೇಕು. ಮೇಟಿಕುರ್ಕೆಯಲ್ಲಿ, ಚಳ್ಳಕೆರೆಯಲ್ಲಿ ಸತ್ತವರ ಮನೆಯವರಿಗೆ ಅಂಥ ಕಾಗದ ಸಿಗಲಿಲ್ಲ. ಇನ್ನು ಮುಂದೆ ಸಾಯುವವರ ಮನೆಯವರು, ಅವರ ವಕೀಲರು ಆ ಇಂಜಿನಿಯರ್ ಏನು ಬರೆದಿದ್ದಾನೆಂದು ಕೇಳಿ ಪಡೆದು, 198ಎ ಕಲಮಿನಡಿ ಅದನ್ನು ಕೋರ್ಟಿನ ಮುಂದಿಡಬಹುದು.